ಪಾಲಿನ ಹುಲ್ಲು

ಕಾಡಿನ ಗೇಟಿನ ಪಕ್ಕದಲ್ಲಿ ಒಂದು ಬೋರ್ಡು ನಿಂತಿತ್ತು. ‘ಕಾಡಿನ ಫಲದಲ್ಲಿ ನೆರೆಯವರಿಗೂ ಪಾಲು’ ಎಂದು ಅದರ ಮೇಲೆ ಬರೆದಿತ್ತು. ಕೆಳಗೆ ಎರಡು ಕೈಗಳ ಚಿತ್ರ. ಒಂದು ಕೊಡುವ ಕೈ, ಇನ್ನೊಂದು ಈಸಿಕೊಳ್ಳುವ ಕೈ. ಕೊಡುವ ಕೈ ಮೇಲಿತ್ತು. ಯಾವ ಕೈ ಎಲ್ಲಿರಬೇಕು ಎಂಬುದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು.

ಬೋರ್ಡು ನಿಂತ ಜಾಗದಲ್ಲಿ ಹಿಂದೆ ಗಂಟಕ್ಕನ ಅಪ್ಪನ ದನದ ಕೊಟ್ಟಿಗೆ ಇತ್ತು. ಕೊಟ್ಟಿಗೆಯ ಆಚೆ ಹಳ್ಳ, ಹಳ್ಳದ ಆಚೆ ಹುಲ್ಲುಗಾವಲು, ಅದರಾಚೆ ಕಾಡು. ಕಾಡಿಗೆ ಬೇಲಿ ಹಾಕುತ್ತೇವೆ ಎಂದು ಬಂದವರು ಹುಲ್ಲುಗಾವಲನ್ನು ನುಂಗಿದರು, ಹಳ್ಳವನ್ನು ನುಂಗಿದರು, ಕೊಟ್ಟಿಗೆಯನ್ನೂ ನುಂಗಿ ಊರಿನ ಹಿತ್ತಿಲಿಗೆ ಬಂದು ತೇಗಿದರು. ಬೇಲಿಯೇ ಎದ್ದು ಹೊಲ ಮೇಯ್ತು ಅಂತ ಗಾದೆ ಇದೆ. ಪಾಪ, ಬೇಲಿಗೆ ಯಾಕೆ ಕೆಟ್ಟ ಹೆಸರು? ಮೇಯ್ದವರು ಅದನ್ನು ಹಾಕಿದವರು.

ಆಮೇಲೆ ಪಾಲು ಬಂತು. ಊರಿನ ಶಾಲೆಗೆ ಜಿಂಕೆಯ ದೊಡ್ಡ ಚಿತ್ರ ಬಂತು, ಚಾವಣಿ ಬರಲಿಲ್ಲ. ಹೊರೆ ಹೊರುವ ಹೆಂಗಸರಿಗೆ ಹಸಿರು ಟೋಪಿ ಬಂತು. ಟೋಪಿಯ ಮೇಲೆ ಸಿಂಬೆ ಕೂರುವುದಿಲ್ಲ, ಸಿಂಬೆ ಕೂರದಿದ್ದರೆ ಹೊರೆ ನಿಲ್ಲುವುದಿಲ್ಲ. ಟೋಪಿ ಹಾಕಿಯೇಬಿಟ್ಟರು ಎಂದು ಊರು ಒಂದು ವಾರ ನಕ್ಕಿತು. ಕಾಡುಹಂದಿಗಳಿಗೂ ಊರಿನ ಹೊಲದಲ್ಲಿ ಪಾಲಿತ್ತು. ಅವು ಸಭೆ ಕರೆಯಲಿಲ್ಲ, ಬೋರ್ಡು ನೆಡಲಿಲ್ಲ. ಬಂದವು, ತಿಂದವು, ಹೋದವು. ಹಂದಿಗಳಿಗೆ ಮರ್ಯಾದೆ ಇದೆ ಎನ್ನುತ್ತಿದ್ದಳು ಗಂಟಕ್ಕ. ‘ತಿಂದ ಮೇಲೆ ಥ್ಯಾಂಕ್ಸ್ ಹೇಳು ಅಂತ ನಮ್ಮನ್ನ ನಿಲ್ಲಿಸ್ಕೊಳ್ಳಲ್ಲ.’

ಇಷ್ಟಕ್ಕೇ ನಿಂತಿದ್ದರೆ ಊರು ಸಹಿಸಿಕೊಳ್ಳುತ್ತಿತ್ತು. ಬೇಸಗೆಗೆ ಮುಂಚೆ ಬೇಲಿಯುದ್ದಕ್ಕೂ, ಜೀಪಿನ ದಾರಿಯುದ್ದಕ್ಕೂ ಹುಲ್ಲು ಕೊಯ್ದು ನೆಲ ಬೋಳು ಮಾಡಬೇಕು. ಎಲ್ಲಾದರೂ ಬೆಂಕಿ ಬಿದ್ದರೆ ಅದು ಆ ಬೋಳು ನೆಲ ದಾಟಬಾರದು. ಅದಕ್ಕೆ ಬೆಂಕಿ ರೇಖೆ ಎಂದು ಹೆಸರು. ಹಿಂದೆ ಅದು ಕೂಲಿ ಕೆಲಸವಾಗಿತ್ತು. ಕಷ್ಟದ ಕೂಲಿ, ಆದರೂ ಕೂಲಿ. ಒಂದು ವರ್ಷ ಎಲ್ಲಿಂದಲೋ ಒಬ್ಬ ಮೇಡಂ ಬಂದಳು. ಒಳ್ಳೆಯ ಮಾತಿನವಳು. ನೆಲದ ಮೇಲೆ ಕೂತು ಮಾತಾಡಿದಳು. ಮಾತಿಗೊಮ್ಮೆ ಪಾಲು ಪಾಲು ಅನ್ನುತ್ತಿದ್ದುದರಿಂದ ಊರು ಅವಳನ್ನು ಪಾಲಿನ ಮೇಡಂ ಎಂದು ಕರೆಯಿತು. ಅವಳು ಹೋದ ಮೇಲೆ ಕೂಲಿ ನಿಂತಿತು. ಇನ್ನು ಮುಂದೆ ಬೆಂಕಿ ರೇಖೆಯ ಹುಲ್ಲನ್ನು ಊರಿನವರು ಕೊಯ್ಯಬೇಕು, ಕೊಯ್ದ ಹುಲ್ಲು ಊರಿನ ಪಾಲು. ಕೆಲಸ ಅದೇ, ಬೆನ್ನು ಅದೇ, ಕುಡುಗೋಲು ಅದೇ. ಕೂಲಿಗೆ ಹೊಸ ಹೆಸರು ಇಟ್ಟು ಅದನ್ನು ಮಣ್ಣು ಮಾಡಿದ್ದರು, ಅಷ್ಟೆ.

ಅದೂ ಎಂಥ ಹುಲ್ಲು! ಎಳೆಯದಾಗಿ ಹಸಿರಾಗಿದ್ದಾಗ ದನ ಬಾಯಿ ಚಾಚುವ ಹುಲ್ಲು ಅದು. ಆಗ ಗೇಟು ತೆರೆಯುವುದಿಲ್ಲ. ನೋಡಲು ಬರುವವರಿಗೆ ಹಸಿರು ಬೇಕು, ಹಸಿರಿನಲ್ಲಿ ಜಿಂಕೆ ಬೇಕು. ನೋಡುವವರ ಕಾಲ ಮುಗಿಯುತ್ತ ಬಂದಾಗ ಹುಲ್ಲು ತೆನೆಯೊಡೆದು, ಒಣಗಿ, ಕಡ್ಡಿಯಾಗಿರುತ್ತದೆ. ಆಗ ಪಾಲಿನ ದಿನ. ಬೇಡ ಎಂದು ಮನೆಯಲ್ಲಿ ಕೂರುವಂತೆಯೂ ಇರಲಿಲ್ಲ. ಹಳ್ಳ ಬೇಲಿಯ ಒಳಗೆ. ಪಾಲಿನ ದಿನ ಕೊಯ್ಯಲು ಬಾರದ ಮನೆಯ ದನಗಳಿಗೆ ಬೇಸಗೆಯಲ್ಲಿ ಹಳ್ಳಕ್ಕೆ ಇಳಿಯಲು ಬಿಡುವುದಿಲ್ಲ ಎಂದು ಸಾಹೇಬ ಹೇಳಿದ್ದ. ಕಾಡಿನ ಆ ಭಾಗಕ್ಕೆಲ್ಲ ಅವನೇ ಒಡೆಯ. ಬರವಣಿಗೆಯಲ್ಲಿ ಅಧಿಕಾರಿ, ನಡವಳಿಕೆಯಲ್ಲಿ ಒಡೆಯ.

ಪಾಲಿನಲ್ಲಿ ನಿಜವಾಗಿ ಊರಿಗೆ ಬಂದದ್ದು ಒಂದೇ: ಒಂದು ಜೊತೆ ಖಾಕಿ ಬಟ್ಟೆ. ಅದು ಗಂಟಕ್ಕನ ತಮ್ಮನ ಮೈಮೇಲಿತ್ತು. ಅವನು ಗೇಟಿನ ವಾಚರ್. ತಾತ್ಕಾಲಿಕ. ಊರಿನ ಹೆಂಗಸರು ಹೊತ್ತು ತಂದ ಹೊರೆಗೆ ಕಬ್ಬಿಣದ ಸಲಾಕೆ ಚುಚ್ಚಿ, ಒಳಗೆ ಏನಾದರೂ ಕದ್ದು ಇಟ್ಟಿದ್ದಾರೆಯೇ ಎಂದು ನೋಡುವುದು ಅವನ ಕೆಲಸ. ತಮ್ಮವನೊಬ್ಬನ ಕೈಗೆ ಸಲಾಕೆ ಕೊಟ್ಟರೆ ಸಾಕು, ಪಾಲು ಪೂರ್ತಿಯಾಯಿತು.

*

ಹಿಂದಿನ ಸಂಜೆ ತಮ್ಮ ಬಂದು ಹೊಸ್ತಿಲ ಮೇಲೆ ಕೂತ. ಗಂಟಕ್ಕ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದಳು.

‘ಅಕ್ಕಾ, ನಾಳೆ ಪಾಲಿನ ದಿನ.’

‘ಕುಡುಗೋಲು ಮತ್ಯಾಕೆ ಮಸೀತಿದೀನಿ? ನಿನ್ನ ಗಡ್ಡ ಹೆರೆಯೋಕಾ?’

ಅವನು ನಗಲಿಲ್ಲ. ‘ದೂರದಿಂದ ದೊಡ್ಡವರು ಬರ್ತಾರಂತೆ. ದುಡ್ಡು ಕೊಡೋರು. ಕ್ಯಾಮೆರಾ ಬರುತ್ತೆ. ಊರ ಪರವಾಗಿ ನೀನೇ ಮೈಕ್ ಹಿಡ್ಕೊಂಡು ಮಾತಾಡ್ಬೇಕು ಅಂತ ಮೇಡಂ ಹೇಳಿದ್ರು.’

‘ನಾನಾ? ನನ್ನ ಬಾಯಿ ಎಂಥದು ಅಂತ ಗೊತ್ತಿದ್ದೂ?’

‘ಮಾತಾಡೋದೇನಿಲ್ಲ. ಮೂರೇ ಮಾತು. ಕಾಡು ನಮ್ಮದು. ಪಾಲು ಸಿಕ್ಕಿದೆ. ನಮಗೆ ಸಂತೋಷ.’

‘ಮೂರರಲ್ಲಿ ನಿಜ ಯಾವುದು?’

ತಮ್ಮ ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ. ‘ನಾಳೆ ಎಲ್ಲ ಸುಸೂತ್ರ ಆದ್ರೆ ನನ್ನ ಪರ್ಮನೆಂಟ್ ಮಾಡ್ತಾರಂತೆ. ಸಾಹೇಬ್ರು ತಾವಾಗೇ ಕರೆದು ಹೇಳಿದ್ರು. ಮನೇಲಿ ಅವಳಿಗೆ ದಿನ ತುಂಬ್ತಾ ಇದೆ ಅಕ್ಕಾ. ನಾಳೆ ಒಂದಿನ. ನನಗೋಸ್ಕರ.’

ಗಂಟಕ್ಕ ಕುಡುಗೋಲಿನ ಅಂಚನ್ನು ಹೆಬ್ಬೆರಳಿನಲ್ಲಿ ಮುಟ್ಟಿ ನೋಡಿದಳು. ಅವ್ವ ಸತ್ತಾಗ ಇವನಿಗೆ ಹಲ್ಲು ಮೂಡಿರಲಿಲ್ಲ. ತಲೆಯ ಮೇಲೆ ಹೊರೆ, ಸೊಂಟದ ಮೇಲೆ ಇವನು. ಹೊರೆಯ ಹುಲ್ಲು ಕಣ್ಣಿಗೆ ಚುಚ್ಚಿ ಇವನು ಅತ್ತರೆ, ಒಂದು ಕೈಯಲ್ಲಿ ಹೊರೆ ಹಿಡಿದು ಇನ್ನೊಂದು ಕೈಯಲ್ಲಿ ಇವನ ಮುಖ ಮುಚ್ಚಿಕೊಂಡು ನಡೆದವಳು ಅವಳು. ತಾನು ಮದುವೆಯಾಗಲಿಲ್ಲ. ಯಾರೂ ಕೇಳಲಿಲ್ಲ ಅಂತಲ್ಲ. ಕೇಳಿದವರು ಸೊಂಟದ ಮೇಲಿದ್ದವನನ್ನು ಇಳಿಸಿ ಬಾ ಎಂದಿದ್ದರು.

‘ಆಯ್ತು ಬಿಡು’ ಎಂದಳು. ‘ಮೂರು ಮಾತು ತಾನೆ? ಹೇಳಿ ಬಂದು ಬಾಯಿ ಮುಕ್ಕಳಿಸ್ಕೋತೀನಿ.’

ತಮ್ಮನ ಮುಖ ಅರಳಿತು. ಎದ್ದು ಹೋಗುವಾಗ ಅವಳ ಕಾಲು ಮುಟ್ಟಲು ಬಗ್ಗಿದ. ‘ಏಳೋ, ಖಾಕಿ ಸುಕ್ಕಾಗುತ್ತೆ’ ಎಂದು ಅವನ ಬೆನ್ನಿಗೆ ಗುದ್ದಿದಳು.

*

ಬೆಳಗಾಗುವ ಮುಂಚೆ ಹೆಂಗಸರು ಗೇಟಿನ ಮುಂದೆ ಸಾಲು ನಿಂತಿದ್ದರು. ಸೀಟಿ ಊದಿದರು. ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಕುಡುಗೋಲು, ಹಗ್ಗ, ಕೋಲು, ಊಟದ ಪೊಟ್ಟಣ ಬಿಟ್ಟರೆ ಬೇರೇನೂ ಒಳಗೆ ಒಯ್ಯುವಂತಿಲ್ಲ. ಹುಲ್ಲು ಬಿಟ್ಟರೆ ಬೇರೇನೂ ಹೊರಗೆ ತರುವಂತಿಲ್ಲ.

ಗಂಟಕ್ಕನ ಜೊತೆಗೆ ಗೊಣಗಜ್ಜಿ ಇದ್ದಳು. ಅವಳ ಮನೆಯಲ್ಲಿ ಅವಳು ಮತ್ತು ಒಂದು ಎಮ್ಮೆ. ಎಮ್ಮೆಗೆ ನೀರು ಬೇಕು. ಎಮ್ಮೆ ಕೊಯ್ಯಲು ಬರುವುದಿಲ್ಲವಾದ್ದರಿಂದ ಅಜ್ಜಿಯೇ ಬಂದಿದ್ದಳು.

ಒಣ ಹುಲ್ಲನ್ನು ಕೊಯ್ಯುವುದು ಹಸಿ ಹುಲ್ಲನ್ನು ಕೊಯ್ದಂತಲ್ಲ. ಹಸಿಯದು ಕುಡುಗೋಲಿಗೆ ಬಾಗುತ್ತದೆ. ಒಣಗಿದ್ದು ತಿರುಗಿ ಕೊಯ್ಯುತ್ತದೆ. ಎಡಗೈಯಲ್ಲಿ ಹಿಡಿ ಹಿಡಿದು ಎಳೆದರೆ ಬೆರಳ ಸಂದಿಯಲ್ಲಿ ಗೀರು. ಮೊಣಕೈವರೆಗೆ ಗೀರು. ಗೀರಿನ ಮೇಲೆ ಬೆವರು. ತೆನೆಯ ಮುಳ್ಳುಗಳು ಬಟ್ಟೆ ತೂರಿ ತೊಡೆಗೆ, ಹೊಟ್ಟೆಗೆ ನೆಟ್ಟುಕೊಳ್ಳುತ್ತವೆ. ಕೀಳಲು ಹೋದರೆ ಅರ್ಧ ಮುರಿದು ಅರ್ಧ ಒಳಗೇ ಉಳಿಯುತ್ತದೆ. ದೂಳು ಗಂಟಲಿಗೆ ಇಳಿದು ಉಗುಳು ಕಪ್ಪಗಾಗುತ್ತದೆ. ಬಗ್ಗಿದ ಸೊಂಟ ಬಗ್ಗಿದಲ್ಲೇ ಗಟ್ಟಿಯಾಗುತ್ತದೆ. ನೆಟ್ಟಗಾಗಬೇಕೆಂದರೆ ಮೊದಲು ಮೊಣಕಾಲಿಗೆ ಕೈ ಊರಬೇಕು, ಆಮೇಲೆ ತೊಡೆಗೆ, ಆಮೇಲೆ ಸೊಂಟಕ್ಕೆ.

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂದು ಅಜ್ಜಿ ಗೊಣಗಿದಳು. ‘ಹಸಿರಿದ್ದಾಗ ಗೇಟಿಲ್ಲ, ಗೇಟಿದ್ದಾಗ ಹಸಿರಿಲ್ಲ. ಇದನ್ನ ನನ್ನ ಎಮ್ಮೆ ಮುಂದೆ ಹಾಕಿದ್ರೆ ಅದು ನನ್ನನ್ನೇ ತಿನ್ನುತ್ತೆ.’

‘ನಿನ್ನಲ್ಲಿ ತಿನ್ನೋಕೆ ಏನಿದೆ ಅಜ್ಜಿ? ನೀನೂ ಕಡ್ಡಿಯೇ.’

‘ಕಡ್ಡಿಯಾದ್ರೂ ಬಾಯಿ ಹಸಿರಾಗಿದೆ ಕಣೇ!’

ಸುತ್ತಲಿನವರು ನಕ್ಕರು. ಪಕ್ಕದ ದಾರಿಯಲ್ಲಿ ಜೀಪುಗಳು ಒಳಗೆ ಹೋದವು. ಜೀಪಿನಲ್ಲಿದ್ದವರು ಇವರ ಕಡೆ ತಿರುಗಿ ನೋಡಿದರು, ಪ್ರಾಣಿಯಲ್ಲ ಎಂದು ಗೊತ್ತಾದ ಮೇಲೆ ಮುಖ ತಿರುಗಿಸಿದರು.

ಹೊತ್ತು ಏರಿದ ಮೇಲೆ ಹೊರೆ ಕಟ್ಟುವ ಕೆಲಸ. ಅದು ಒಬ್ಬರಿಂದ ಆಗುವುದಲ್ಲ. ಹಗ್ಗ ಹಾಸಿ, ಹುಲ್ಲು ಪೇರಿಸಿ, ಒಬ್ಬಳು ಮೊಣಕಾಲೂರಿ ಮೇಲೆ ಕೂತು ಅದುಮಬೇಕು. ಇನ್ನೊಬ್ಬಳು ಎಳೆಯಬೇಕು. ಹಸಿ ಹುಲ್ಲಾದರೆ ಅಷ್ಟರಲ್ಲಿ ಮುಗಿಯಿತು. ಒಣ ಹುಲ್ಲು ಜಾರುತ್ತದೆ. ಅದಕ್ಕೆ ಹಗ್ಗದೊಳಗೆ ಕೋಲು ತೂರಿಸಿ, ತಿರುಚಿ ತಿರುಚಿ ಬಿಗಿದು, ಕೋಲಿನ ತುದಿಯನ್ನು ಹೊರೆಯೊಳಗೆ ಸಿಕ್ಕಿಸಬೇಕು. ಮನೆ ಮುಟ್ಟುವವರೆಗೆ ಕೋಲು ಅಲ್ಲೇ ಇರುತ್ತದೆ. ಒಬ್ಬೊಬ್ಬಳ ಹತ್ತಿರವೂ ಮನೆಯಿಂದ ತಂದ ಕೋಲಿತ್ತು, ಕೈಯಾಡಿ ಕೈಯಾಡಿ ನುಣುಪಾದದ್ದು. ಗಂಟಕ್ಕ ಹಾಕಿದ ಗಂಟು ದಾರಿಯಲ್ಲಿ ಸಡಿಲವಾಯಿತು ಎಂದು ಯಾರೂ ಕೇಳಿದವರಿಲ್ಲ. ಅವಳ ಹೆಸರು ಬಂದದ್ದೇ ಹಾಗೆ.

ಅಜ್ಜಿಯ ಹೊರೆ ಬಿಗಿಯುವಾಗ ಅಜ್ಜಿಯ ಹಳೇ ಕೋಲು ಲಟಕ್ಕನೆ ಮುರಿಯಿತು. ಸೀಟಿ ಊದುತ್ತಿದ್ದರು. ಹೊರಡಿ ಹೊರಡಿ ಎಂದು ಕೂಗುತ್ತಿದ್ದರು. ಗಂಟಕ್ಕ ಸುತ್ತ ನೋಡಿದಳು. ಒಂದು ಒಣಗಿದ ಕೊಂಬೆ ಬಿದ್ದಿತ್ತು. ಅದರಿಂದ ಹೆಬ್ಬೆರಳು ದಪ್ಪದ ಒಂದು ಕೋಲು ಮುರಿದಳು, ತೂರಿಸಿದಳು, ತಿರುಚಿದಳು, ಸಿಕ್ಕಿಸಿದಳು. ಯೋಚಿಸಲಿಲ್ಲ. ಕೈ ಯೋಚಿಸುವುದಿಲ್ಲ. ಆ ಹುಲ್ಲುಗಾವಲಿನಲ್ಲಿ ಅವಳ ಅವ್ವ, ಅವ್ವನ ಅವ್ವ, ಎಲ್ಲರೂ ಕೋಲು ಮುರಿದರೆ ಹಾಗೇ ಬಗ್ಗಿ ಇನ್ನೊಂದನ್ನು ಎತ್ತಿಕೊಂಡಿದ್ದರು. ಬೇಲಿ ನೆಲಕ್ಕೆ ಬಂದಿತ್ತು, ಕೈಗೆ ಇನ್ನೂ ಬಂದಿರಲಿಲ್ಲ.

‘ನಡಿ ಅಜ್ಜಿ, ನೀನು ಮುಂದೆ ನಡಿ. ನಿನ್ನ ನಡಿಗೆಗೆ ನಾವು ಹಿಂದೆ ಬಿದ್ರೆ ಸರಿಹೋಗುತ್ತೆ’ ಎಂದು ಹೊರೆಯನ್ನು ಅವಳ ತಲೆಗೇರಿಸಿದಳು.

*

ಗೇಟಿನ ಹೊರಗೆ ನೆರಳಿಗೆ ಬಟ್ಟೆ ಕಟ್ಟಿದ್ದರು. ಕೆಳಗೆ ಕುರ್ಚಿಗಳು. ಕುರ್ಚಿಗಳಲ್ಲಿ ದೊಡ್ಡವರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನೀರಿನ ಬಾಟಲಿ. ಕ್ಯಾಮೆರಾದವನು ಕಾಲು ಅಗಲಿಸಿ ನಿಂತಿದ್ದ. ಪಾಲಿನ ಮೇಡಂ ಮೈಕು ಹಿಡಿದು ಓಡಾಡುತ್ತಿದ್ದಳು.

ಬೇರೆ ವರ್ಷಗಳಲ್ಲಾದರೆ ಸಲಾಕೆ ಚುಚ್ಚಿ ಬಿಡುತ್ತಿದ್ದರು. ಇವತ್ತು ಸಾಹೇಬನಿಗೆ ಪ್ರೇಕ್ಷಕರಿದ್ದರು.

‘ಬಿಚ್ಚಿ ತೋರ್ಸು’ ಎಂದ ತಮ್ಮನಿಗೆ. ‘ಒಂದೊಂದೂ ಬಿಚ್ಚಬೇಕು. ನಮ್ಮ ಕಾಡಿಂದ ಒಂದು ಕಡ್ಡಿ ಕೂಡ ಆಚೆ ಹೋಗಲ್ಲ ಅಂತ ಇವರಿಗೆ ಗೊತ್ತಾಗ್ಲಿ.’

ಸಾಲಿನ ಮೊದಲಿದ್ದವಳು ಗೊಣಗಜ್ಜಿ. ತಮ್ಮ ಅವಳ ಹೊರೆ ಇಳಿಸಿದ, ಗೇಟಿನ ಬಾಯಲ್ಲೇ. ಗಂಟು ನೋಡಿದ. ಅಕ್ಕನ ಗಂಟು ಎಂದು ಅವನಿಗೆ ಗೊತ್ತಾಯಿತು. ಕೋಲಿಗೆ ಕೈ ಹಾಕಿದ. ಅದಕ್ಕೆ ಇನ್ನೂ ತೊಗಟೆ ಇತ್ತು. ಅವನ ಕೈ ಒಂದು ಗಳಿಗೆ ನಿಂತಿತು. ಕೋಲನ್ನು ಎಳೆದು ಹುಲ್ಲಿನಡಿ ತಳ್ಳಿ, ಹಗ್ಗ ಬಿಚ್ಚಿ, ‘ಏನೂ ಇಲ್ಲ ಸಾಹೇಬ್ರೇ’ ಎಂದ.

‘ಕೆಳಗೆ ತಳ್ಳಿದ್ಯಲ್ಲ, ಅದೇನು?’

‘ಕೋಲು ಸಾಹೇಬ್ರೇ. ಹೊರೆ ಬಿಗಿಯೋದು.’

‘ಇಲ್ಲಿ ಕೊಡು.’ ಸಾಹೇಬ ಕೋಲನ್ನು ತಿರುಗಿಸಿ ನೋಡಿದ. ಉಗುರಿನಿಂದ ತೊಗಟೆ ಕೆರೆದ. ಅವನ ಮುಖದಲ್ಲಿ ಸಂತೋಷ ಕಂಡಿತು. ‘ಇವತ್ತು ಮುರಿದದ್ದು. ಪಾಲು ಕೊಟ್ರೆ ಕಳ್ಳತನ ಮಾಡ್ತಾರೆ. ಮೇಡಂ, ಇದನ್ನ ತಗೊಳ್ಳಿ ಕ್ಯಾಮೆರಾದಲ್ಲಿ. ಏ ಮುದುಕಿ, ಹಿಡ್ಕೋ ಇದನ್ನ. ಎರಡೂ ಕೈಯಲ್ಲಿ. ಮೇಲೆತ್ತು. ಇನ್ನೂ ಮೇಲೆ.’

ಅಜ್ಜಿ ಕೋಲನ್ನು ಮೇಲೆತ್ತಿದಳು. ತೋಳುಗಳ ಸುಕ್ಕಿನಲ್ಲಿ ಗೀರುಗಳ ರಕ್ತ ಒಣಗಿತ್ತು. ಬೆಳಗಿನಿಂದ ಮಾತು ನಿಲ್ಲಿಸದಿದ್ದವಳ ಬಾಯಿ ಮುಚ್ಚಿಹೋಗಿತ್ತು.

‘ಸಾರ್, ಇದು ಬೇಕಾ...’ ಎಂದಳು ಪಾಲಿನ ಮೇಡಂ. ಕುರ್ಚಿಗಳ ಕಡೆ ನೋಡಿದಳು. ಕುರ್ಚಿಗಳು ಏನೂ ಹೇಳಲಿಲ್ಲ. ‘ಸರಿ, ಜಾಗೃತಿಗೆ ಆಗುತ್ತೆ’ ಎಂದಳು. ಕ್ಯಾಮೆರಾದವನು ಹತ್ತಿರ ಬಂದ.

‘ಮಡಿಲಲ್ಲಿ ಇನ್ನೇನು ಇಟ್ಕೊಂಡಿದಾಳೆ, ಕೊಡವು’ ಎಂದ ಸಾಹೇಬ.

ತಮ್ಮ ಅಲ್ಲಾಡಲಿಲ್ಲ.

‘ನಿನಗೇ ಹೇಳಿದ್ದು. ಪರ್ಮನೆಂಟ್ ಬೇಡ್ವಾ?’

ತಮ್ಮ ಅಜ್ಜಿಯ ಸೊಂಟಕ್ಕೆ ಕೈ ಹಾಕಿದ. ಇದೇ ಅಜ್ಜಿಯ ಮನೆಯಲ್ಲಿ ಎಮ್ಮೆಯ ಹಾಲು ಕುಡಿದು ಬೆಳೆದವನು. ಬಟ್ಟೆಯ ಗಂಟು ಬಿಚ್ಚಿ ಕೊಡವಿದ. ಮಧ್ಯಾಹ್ನಕ್ಕೆಂದು ಕಟ್ಟಿಕೊಂಡಿದ್ದ ಊಟದ ಚಿಕ್ಕ ಪೊಟ್ಟಣ ನೆಲಕ್ಕೆ ಬಿತ್ತು. ಬೇರೇನೂ ಬೀಳಲಿಲ್ಲ. ಅಜ್ಜಿ ಕೋಲು ಇಳಿಸಲಿಲ್ಲ. ಇಳಿಸು ಎಂದು ಯಾರೂ ಹೇಳಿರಲಿಲ್ಲ. ಅವಳ ಕಾಲ ಕೆಳಗಿನ ಮಣ್ಣು ಮೆಲ್ಲಗೆ ಒದ್ದೆಯಾಯಿತು. ಒದ್ದೆ ಹರಡಿತು. ಕುರ್ಚಿಯಲ್ಲಿದ್ದ ಒಬ್ಬಾಕೆ ಮೂಗಿಗೆ ಕರವಸ್ತ್ರ ಹಿಡಿದಳು.

ಗಂಟಕ್ಕ ಹಿಂದೆಯೇ ನಿಂತಿದ್ದಳು, ತಲೆಯ ಮೇಲೆ ಹೊರೆ ಹೊತ್ತು. ಎಲ್ಲವನ್ನೂ ನೋಡಿದಳು.

ಮೇಡಂಗೆ ಅವಸರ. ಕೆಟ್ಟದ್ದನ್ನು ಒಳ್ಳೆಯದರಿಂದ ಮುಚ್ಚಬೇಕಿತ್ತು. ‘ಈಗ ಊರಿನ ಪರವಾಗಿ ನಮ್ಮ ಅಕ್ಕ ಮಾತಾಡ್ತಾರೆ’ ಎಂದು ಮೈಕನ್ನು ಗಂಟಕ್ಕನ ಬಾಯಿಗೆ ಹಿಡಿದಳು. ‘ಹೇಳಿ ಅಕ್ಕಾ. ಹೊರೆ ಇರ್ಲಿ ತಲೆ ಮೇಲೆ. ಚೆನ್ನಾಗಿ ಕಾಣುತ್ತೆ.’

ತಮ್ಮ ಅವಳ ಕಡೆ ನೋಡಿದ. ಅವನ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಕಾಡು ನಮ್ಮದು. ಪಾಲು ಸಿಕ್ಕಿದೆ. ನಮಗೆ ಸಂತೋಷ.

ಗಂಟಕ್ಕ ಬಾಯಿ ತೆರೆದಳು. ಮೂರು ಮಾತು ನಾಲಿಗೆಯ ಮೇಲೆಯೇ ಇದ್ದವು. ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದಳು. ಮೊದಲನೆಯದನ್ನು ತಳ್ಳಿ ನೋಡಿದಳು. ಬರಲಿಲ್ಲ.

ತಲೆಯ ಹೊರೆಯನ್ನು ಎತ್ತಿ ಎಸೆದಳು. ಅದು ಅಜ್ಜಿಯ ಬಿಚ್ಚಿದ ಹುಲ್ಲಿನ ಪಕ್ಕಕ್ಕೆ, ಗೇಟಿನ ನಡುಮಧ್ಯಕ್ಕೆ ಧೊಪ್ಪನೆ ಬಿತ್ತು.

‘ಕೋಲು ಮುರಿದೋಳು ನಾನು’ ಎಂದಳು. ಮೈಕು ಅವಳ ದನಿಯನ್ನು ಬೇಲಿಯಾಚೆಗೂ ಒಯ್ದಿತು. ‘ಇಟ್ಟೋಳೂ ನಾನು. ಕಳ್ಳಿ ಬೇಕಾದ್ರೆ ನನ್ನ ಫೋಟೋ ತೆಗೀರಿ. ಅಜ್ಜಿ, ಕೈ ಇಳಿಸು.’

ಅಜ್ಜಿ ಕೈ ಇಳಿಸಿದಳು.

‘ಇನ್ನು ಹೊರೆ ಮಾತು. ನಮ್ಮಲ್ಲಿ ದಾರಿ ಮೇಲಿಟ್ಟ ಹೊರೇನ ಯಾರೂ ಮುಟ್ಟಲ್ಲ. ಮುಟ್ಟಿ ಬಿಚ್ಚಿದ್ರೆ, ಬಿಚ್ಚಿದೋರೇ ಕಟ್ಟಬೇಕು, ಕಟ್ಟಿ ತಲೆ ಮೇಲೆ ಎತ್ತಬೇಕು. ಕಳ್ಳನಾದ್ರೂ ಅಷ್ಟೆ, ಅಳಿಯನಾದ್ರೂ ಅಷ್ಟೆ. ಅಜ್ಜಿ ಹೊರೆ ಬಿಚ್ಚಿದೀರಿ. ಕಟ್ಟಿ. ಎತ್ತಿ. ಅಲ್ಲೀವರೆಗೆ ನಾವು ಏಳಲ್ಲ.’

ಕೂತಳು. ಒದ್ದೆ ಮಣ್ಣಿನ ಪಕ್ಕದಲ್ಲೇ ಕೂತಳು.

ಹಿಂದಿದ್ದವಳು ತನ್ನ ಹೊರೆ ಇಳಿಸಿದಳು. ಕೋಲು ಎಳೆದು ಹಗ್ಗ ಸಡಿಲಿಸಿದಳು. ‘ನಂದೂ ಬಿಚ್ಚೋಕೆ ಹೇಳಿದ್ರಲ್ಲ, ನಿಮಗ್ಯಾಕೆ ತೊಂದ್ರೆ’ ಎಂದಳು. ಅವಳ ಹಿಂದಿನವಳೂ ಇಳಿಸಿದಳು. ಸಾಲು ಮುಂದೆ ಬಂದಂತೆಲ್ಲ ಹೊರೆಗಳು ಬಿದ್ದವು, ಹರಡಿದವು. ಗೇಟಿನ ಬಾಯಲ್ಲಿ ಸೊಂಟದೆತ್ತರ ಹುಲ್ಲು ನಿಂತಿತು.

ಅಷ್ಟರಲ್ಲಿ ಕಾಡಿನೊಳಗಿಂದ ಜೀಪುಗಳು ಹಿಂದಿರುಗಿದವು. ಮುಂದಿನದು ಹುಲ್ಲಿನ ಮುಂದೆ ನಿಂತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಹಾರನ್ ಶುರುವಾಯಿತು.

‘ಅಕ್ಕಾ, ಏನು ಸಮಸ್ಯೆ ಇದ್ರೂ ಕೂತು ಮಾತಾಡೋಣ’ ಎಂದಳು ಪಾಲಿನ ಮೇಡಂ.

‘ನಾವು ಕೂತೇ ಇದೀವಲ್ಲಮ್ಮ. ನಿಂತಿರೋದು ನೀನು.’

ಸಾಹೇಬ ಬಂದ. ಬೂಟಿನ ತುದಿಯಿಂದ ಹುಲ್ಲನ್ನು ಒದ್ದ. ಹುಲ್ಲು ಅಲ್ಲಾಡಿ ಅಲ್ಲೇ ಕೂತಿತು. ತೆನೆಯ ಮುಳ್ಳು ಅವನ ಕಾಲುಚೀಲಕ್ಕೆ ನೆಟ್ಟುಕೊಂಡಿತು. ‘ಯಾರ ಅಕ್ಕ ನೀನು ಅಂತ ನಂಗೊತ್ತು’ ಎಂದ. ‘ಎದ್ದು ಆ ಮಾತು ಹೇಳು. ಇಲ್ಲಾಂದ್ರೆ ನಿನ್ನ ತಮ್ಮನ ಕೆಲಸ ಈಗಲೇ ಹೋಯ್ತು ಅಂತ ತಿಳ್ಕೋ.’

ತಮ್ಮ ಓಡಿ ಬಂದು ಅವಳ ರಟ್ಟೆ ಹಿಡಿದ. ‘ಏಳಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ, ಏಳು. ಮೂರು ಮಾತು. ನಿನ್ನೆ ಒಪ್ಕೊಂಡಿದ್ಯಲ್ಲ.’

‘ಒಪ್ಕೊಂಡಿದ್ದೆ ಕಣೋ. ಹೇಳೋಕೇ ಬಂದಿದ್ದೆ.’

‘ಮತ್ತೆ ಹೇಳು! ನನಗೋಸ್ಕರ ಹೇಳು!’

‘ನೀನು ಅಜ್ಜಿ ಮಡಿಲು ಕೊಡವಿದ್ದು ಯಾರಿಗೋಸ್ಕರ?’

ಅವನು ಎಳೆದ. ಜೋರಾಗಿ ಎಳೆದ. ಅವಳ ತೋಳಿನ ಗೀರುಗಳು ಬಿರಿದು ರಕ್ತ ಅವನ ಬೆರಳಿಗೆ ಹತ್ತಿತು. ಅವಳು ಏಳಲಿಲ್ಲ. ಹೊರೆ ಹೊತ್ತ ಸೊಂಟ. ಅದು ನೆಲಕ್ಕೆ ಕೂತರೆ ಎಬ್ಬಿಸುವುದು ಸುಲಭವಲ್ಲ. ಅವನು ಬಗ್ಗಿ ಅಜ್ಜಿಯ ಹುಲ್ಲನ್ನು ಬಾಚತೊಡಗಿದ. ‘ನಾನೇ ಕಟ್ತೀನಿ. ಬಿಚ್ಚಿದೋನು ನಾನು, ನಾನೇ ಕಟ್ತೀನಿ, ಆಯ್ತಾ?’

ಗಂಟಕ್ಕ ಅವನ ಕೈಯನ್ನು ತಳ್ಳಿದಳು. ‘ನೀನು ಬರೀ ಕೈ. ಬಿಚ್ಚು ಅಂದ ಬಾಯಿ ಅಲ್ಲಿದೆ. ಅದು ಬಂದು ಕಟ್ಟಲಿ.’

‘ಸರಿ’ ಎಂದ ಸಾಹೇಬ. ತಮ್ಮನ ಕಡೆ ತಿರುಗಿದ. ‘ನೀನು ನಾಳೆಯಿಂದ ಬರಬೇಡ. ನಾಳೆಯಿಂದೇನು, ಈಗಿಂದ. ಬೆಲ್ಟು, ಸೀಟಿ ಇಟ್ಟು ಹೋಗು. ಇವಳ ಬಾಯಿಗೆ ನಿನ್ನ ಅನ್ನ ಹೋಯ್ತು.’

ತಮ್ಮ ಬೆಲ್ಟು ಬಿಚ್ಚಿದ. ಸೀಟಿ ಬಿಚ್ಚಿದ. ಅಕ್ಕನ ಮುಖವನ್ನೇ ನೋಡುತ್ತ ಬಿಚ್ಚಿದ. ‘ನಿನ್ನ ಹೊರೆಯಿಂದ ನನ್ನ ಬೆಳೆಸಿದೆ. ನಿನ್ನ ಹೊರೆಯಿಂದಲೇ ನನ್ನ ತೀರಿಸಿದೆ’ ಎಂದ. ‘ಹೆಂಡ್ತಿಗೆ ಏನಂತ ಹೇಳ್ಲಿ? ನೀನೇ ಬಂದು ಹೇಳು. ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ ನಾನು.’

ಗಂಟಕ್ಕ ಈಗಲೂ ಎದ್ದು ಮೂರು ಮಾತು ಹೇಳಿದರೆ ಬೆಲ್ಟು ಅವನ ಸೊಂಟಕ್ಕೆ ಮರಳುತ್ತಿತ್ತು. ಸಾಹೇಬ ಅದಕ್ಕೇ ಕಾಯುತ್ತಿದ್ದ. ಪಕ್ಕದಲ್ಲಿ ಗೊಣಗಜ್ಜಿ ಒದ್ದೆ ಬಟ್ಟೆಯನ್ನು ಕಾಲ ಸಂದಿಯಲ್ಲಿ ಮುದುರಿಕೊಂಡು, ತಲೆ ತಗ್ಗಿಸಿ ಕೂತಿದ್ದಳು. ಗಂಟಕ್ಕ ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಏಳಲೂ ಇಲ್ಲ.

ಹಾರನ್ ನಿಲ್ಲಲಿಲ್ಲ. ಜೀಪಿನಿಂದ ಒಬ್ಬ ಇಳಿದು ಬಂದ. ಬಿಸಿಲಿಗೆ ಅವನ ಮುಖ ಕೆಂಪಾಗಿತ್ತು. ‘ನಮಗೆ ರೈಲಿದೆ. ಏನಂತೆ ಇವರಿಗೆ? ಎಷ್ಟು ಬೇಕಂತೆ?’

‘ಏನೂ ಬೇಡ್ವಂತೆ’ ಎಂದಳು ಪಾಲಿನ ಮೇಡಂ. ಅವಳ ದನಿ ಸಣ್ಣಗಾಗಿತ್ತು. ‘ಬಿಚ್ಚಿದ ಹೊರೆ ಕಟ್ಟಿ ಕೊಡಬೇಕಂತೆ.’

‘ಅಷ್ಟೇ ತಾನೆ? ಕಟ್ರಿ ಮತ್ತೆ! ಹುಲ್ಲು ಕಟ್ಟೋಕೆ ಇಷ್ಟು ರಾದ್ಧಾಂತನಾ?’

ಕುರ್ಚಿಗಳಲ್ಲಿದ್ದವರೂ ಎದ್ದು ನಿಂತಿದ್ದರು. ಅವರಿಗೂ ಆ ಗೇಟಿನಿಂದಲೇ ಒಳಗೆ ಹೋಗಬೇಕಿತ್ತು. ಒಳಗಿನ ಬಂಗಲೆಯಲ್ಲಿ ಊಟ ಕಾಯುತ್ತಿತ್ತು. ಸಾಹೇಬ ಉಳಿದ ವಾಚರ್‌ಗಳ ಕಡೆ ನೋಡಿದ. ‘ಏನು ನೋಡ್ತಿದೀರಾ? ಎತ್ರೋ ಹುಲ್ಲು!’

ಯಾರೂ ಎತ್ತಲಿಲ್ಲ. ಒಬ್ಬನ ಚಿಕ್ಕಮ್ಮ ಆ ಹುಲ್ಲಿನ ಮೇಲೆ ಕೂತಿದ್ದಳು. ಇನ್ನೊಬ್ಬನ ಹೆಂಡತಿ ಕೂತಿದ್ದಳು, ಅವನನ್ನೇ ದುರುಗುಟ್ಟಿ ನೋಡುತ್ತ. ‘ಮುಟ್ಟಿ ನೋಡು’ ಎಂದಳು ಅವಳು. ‘ಮುಟ್ಟಿದ್ರೆ ಸಾಯಂಕಾಲ ಒಲೆ ಮುಂದೆ ನಿನಗೇ ಗೊತ್ತಾಗುತ್ತೆ.’

ಕ್ಯಾಮೆರಾದವನು ಕ್ಯಾಮೆರಾ ಆರಿಸಿರಲಿಲ್ಲ. ಆರಿಸು ಎಂದು ಹೇಳುವುದನ್ನು ಎಲ್ಲರೂ ಮರೆತಿದ್ದರು.

ಕೊನೆಗೆ ಸಾಹೇಬ ಬಗ್ಗಿದ. ಎರಡೂ ಮೊಣಕಾಲು ಮಣ್ಣಿಗೆ ಊರಿ ಅಜ್ಜಿಯ ಹುಲ್ಲನ್ನು ತೋಳಿನಲ್ಲಿ ಬಾಚಿದ. ಕಡ್ಡಿಗಳು ಅವನ ಮುಂಗೈ ಗೀರಿದವು. ಹಗ್ಗ ಸುತ್ತಿದ. ಎಳೆದರೆ ಹುಲ್ಲು ಮುಂದಕ್ಕೆ ಜಾರಿತು. ಹಿಂದೆ ತಳ್ಳಿ ಎಳೆದರೆ ಹಿಂದಕ್ಕೆ ಜಾರಿತು. ಕೋಲು ತೂರಿಸಿ ತಿರುಚಿದ. ಕೈ ಬಿಟ್ಟ ಕೂಡಲೇ ಕೋಲು ಗಿರ್ರನೆ ಹಿಂದಕ್ಕೆ ತಿರುಗಿ ಅವನ ಗದ್ದಕ್ಕೆ ಬಡಿಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಇನ್ಯಾರೋ. ಅದು ಬೆಳಗಿನ ನಗುವಾಗಿರಲಿಲ್ಲ. ಹಲ್ಲು ಕಚ್ಚಿದ ನಗು.

‘ಯಾರಾದ್ರೂ ಮೇಲೆ ಅದುಮಿ ಹಿಡೀರೋ!’ ಎಂದು ಸಾಹೇಬ ಕೂಗಿದ. ಬೆವರು ಅವನ ಕಣ್ಣಿಗಿಳಿಯುತ್ತಿತ್ತು. ಸುತ್ತ ನೋಡಿದ. ತಮ್ಮ ಇನ್ನೂ ಹೋಗಿರಲಿಲ್ಲ. ಬೆಲ್ಟಿಲ್ಲದ ಖಾಕಿ ಚಡ್ಡಿ ಜಾರದಂತೆ ಹಿಡಿದು ಬೋರ್ಡಿಗೆ ಒರಗಿ ನಿಂತಿದ್ದ.

‘ಏ, ನೀನು ಬಾರೋ. ನಿನಗೆ ಗೊತ್ತಲ್ಲ ಇದು. ಬಾ, ಹಿಡ್ಕೋ. ಕೆಲಸದ ವಿಷಯ ಆಮೇಲೆ ನೋಡೋಣ.’

ಹಾರನ್‌ಗಳು ಒಂದು ಕ್ಷಣ ನಿಂತವು. ಗಂಟಕ್ಕ ತಮ್ಮನ ಕಡೆ ತಿರುಗಿದಳು. ತಮ್ಮ ಅವಳ ಕಡೆ ನೋಡಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಇಳಿಯುವಂಥ ಸಿಟ್ಟೂ ಅದಲ್ಲ. ಅವನು ನೆಲದ ಒದ್ದೆ ಮಣ್ಣನ್ನು ನೋಡಿದ. ಅಲ್ಲೇ ತುಳಿಸಿಕೊಂಡು ಬಿದ್ದಿದ್ದ ಊಟದ ಪೊಟ್ಟಣವನ್ನು ನೋಡಿದ. ಮೊಣಕಾಲ ಮೇಲೆ ನಿಂತಿದ್ದ ಸಾಹೇಬನನ್ನು ನೋಡಿದ.

‘ನಂಗೆ ಇಲ್ಲಿ ಕೆಲಸ ಇಲ್ಲ ಸಾಹೇಬ್ರೇ’ ಎಂದ. ‘ನೀವೇ ಈಗ ತಾನೆ ಹೇಳಿದ್ರಿ.’

ಕ್ಯಾಕರಿಸಿ ಪಕ್ಕಕ್ಕೆ ಉಗಿದ. ಉಗುಳು ಕಪ್ಪಗಿತ್ತು. ಊರ ದಾರಿ ಹಿಡಿದ. ಅಕ್ಕನ ಮುಂದೆಯೇ ಹಾದುಹೋದ, ನಿಲ್ಲಲಿಲ್ಲ.

ಗಂಟಕ್ಕ ಅವನ ಬೆನ್ನು ಮರೆಯಾಗುವವರೆಗೆ ನೋಡಿದಳು. ಆಮೇಲೆ ತಿರುಗಿ ಕೂತಳು. ಸಾಹೇಬನ ತೋಳಿನೊಳಗೆ ಹುಲ್ಲು ಮತ್ತೊಮ್ಮೆ ಜಾರಿ ಹರಡಿತು. ಅವಳು ತನ್ನ ಹಗ್ಗವನ್ನು ಎಳೆದು ಬಿಚ್ಚಿ, ತನ್ನ ಹೊರೆಯನ್ನೂ ಕಾಲಿನಿಂದ ಅವನ ಮುಂದಕ್ಕೆ ತಳ್ಳಿದಳು.

‘ಅವಸರ ಇಲ್ಲ’ ಎಂದಳು. ‘ಅಜ್ಜೀದು ಆದ್ಮೇಲೆ ನಂದು.’